ಮಾರ್ಫಿನ್, ಟ್ರಮಡಾಲ್ ಮತ್ತು ಅವುಗಳ ಬಳಗ: ಔಷಧದಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಜಗಳೂರು, ಚನ್ನಗಿರಿ, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ವೈದ್ಯರನ್ನು ಕಂಡು, ಸಂಜೆ ಊರಿಗೆ ಹೊರಡುವ ಮೊದಲು ಔಷಧದಂಗಡಿಯ ಮುಂದೆ ನಿಲ್ಲುತ್ತಾರೆ. ವೈದ್ಯರ ಕೋಣೆಯಲ್ಲಿ ಕೇಳಲು ಹಿಂಜರಿದ ಪ್ರಶ್ನೆಗಳೆಲ್ಲ ಹೊರಬೀಳುವುದು ಅಲ್ಲಿ. ಅಫೀಮು ವರ್ಗದ ನೋವುನಿವಾರಕಗಳ ವಿಷಯದಲ್ಲಿ ಫಾರ್ಮಸಿಸ್ಟ್ ಆಗಿ ನಾನು ಕಂಡದ್ದು ಒಂದು ವಿಚಿತ್ರ. ಕ್ಯಾನ್ಸರ್ ನೋವಿನಿಂದ ರಾತ್ರಿಯೆಲ್ಲ ಕೂಗುವವರ ಮನೆಯವರು ಮಾರ್ಫಿನ್ ಎಂದರೆ ಬೆಚ್ಚುತ್ತಾರೆ. ಮೂಟೆ ಹೊತ್ತು ಸೊಂಟ ಹಿಡಿದವರು ಮಾತ್ರ ಟ್ರಮಡಾಲ್ ಗುಳಿಗೆಯನ್ನು ಬ್ರ್ಯಾಂಡ್ ಹೆಸರು ಹೇಳಿಯೇ ಕೇಳುತ್ತಾರೆ, ಅದೂ ಚೀಟಿ ಇಲ್ಲದೆ. ಕೆಳಗಿನ ಉತ್ತರಗಳನ್ನು ಈ ಇಬ್ಬರಿಗಾಗಿಯೂ ಬರೆದಿದ್ದೇನೆ. ನಿಮ್ಮ ಡೋಸ್ ಎಷ್ಟು ಎಂಬುದನ್ನು ಮಾತ್ರ ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು.

ಯಾವ ಔಷಧಗಳು ಈ ವರ್ಗಕ್ಕೆ ಸೇರುತ್ತವೆ? ನನ್ನ ಸ್ಟ್ರಿಪ್ ನೋಡಿ ತಿಳಿಯುವುದು ಹೇಗೆ?

ಮಾರ್ಫಿನ್ ಮತ್ತು ಕೊಡೀನ್ ಅಫೀಮು ಗಿಡದ ಹಾಲಿನಿಂದಲೇ ಬರುತ್ತವೆ. ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟನಿಲ್, ಪೆಂಟಾಜೋಸಿನ್ ಪ್ರಯೋಗಾಲಯದಲ್ಲಿ ತಯಾರಾದವು. ಬ್ಯುಪ್ರೆನಾರ್ಫಿನ್ ಎರಡರ ನಡುವಿನದು. ಇವೆಲ್ಲ ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ಒಂದೇ ಬಗೆಯ ಗ್ರಾಹಕಗಳಿಗೆ ಅಂಟಿಕೊಂಡು ನೋವಿನ ಸುದ್ದಿ ಮೇಲಕ್ಕೆ ಹೋಗದಂತೆ ತಡೆಯುತ್ತವೆ. ಗಾಯ, ಊತ, ಸವೆತ ಯಾವುದನ್ನೂ ಇವು ವಾಸಿ ಮಾಡುವುದಿಲ್ಲ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಈ ಗುಂಪಿನವಲ್ಲ.

ಸ್ಟ್ರಿಪ್ ಮೇಲೆ ಎನ್‌ಆರ್‌ಎಕ್ಸ್ (NRx, ಮಾದಕ ವರ್ಗದ ಔಷಧದ ಗುರುತು) ಎಂದು ಕೆಂಪು ಅಕ್ಷರದಲ್ಲಿದ್ದರೆ, ಅಥವಾ ಕೆಂಪು ಚೌಕಟ್ಟಿನೊಳಗೆ ಷೆಡ್ಯೂಲ್ ಎಚ್1 (ಚೀಟಿ ಇಲ್ಲದೆ ಮಾರಬಾರದ, ಲೆಕ್ಕ ಇಡಬೇಕಾದ ಔಷಧಗಳ ಪಟ್ಟಿ) ಎಂಬ ಎಚ್ಚರಿಕೆ ಇದ್ದರೆ ಹಿಂದುಮುಂದು ನೋಡಿ ನುಂಗಿ. ಟ್ರಮಡಾಲ್ ಅನೇಕ ಸಲ ಪ್ಯಾರಾಸಿಟಮಾಲ್ ಜೊತೆಗೆ ಒಂದೇ ಗುಳಿಗೆಯಲ್ಲಿ ಬರುತ್ತದೆ, 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎಂಬುದು ಸಾಮಾನ್ಯ ಅಳತೆ. ಅದನ್ನು ನುಂಗುತ್ತಲೇ, ಜ್ವರವಿದೆಯೆಂದು ಮೇಲೊಂದು 650ರ ಪ್ಯಾರಾಸಿಟಮಾಲ್ ಸೇರಿಸುವವರಿದ್ದಾರೆ. ಲಿವರ್ ಮಟ್ಟಿಗೆ ಎರಡೂ ಒಂದೇ ಲೆಕ್ಕಕ್ಕೆ ಸೇರುತ್ತವೆ.

ಗಸಗಸೆ ಪಾಯಸ ಕುಡಿದರೆ ನಿದ್ದೆ ಬರುವುದೂ ಇದರಿಂದಲೇ?

ಗಿಡ ಒಂದೇ. ಆದರೆ ಮಾರ್ಫಿನ್ ಇರುವುದು ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಬೀಜಕ್ಕೆ ಅಂಟಿಕೊಂಡು ಬರುವುದು ತೀರ ಅಲ್ಪ. ಹೋಳಿಗೆ ಊಟದ ಮೇಲೆ ಲೋಟ ತುಂಬ ಪಾಯಸ ಇಳಿಸಿದವರಿಗೆ ನಿದ್ದೆ ಬರಲು ಅಫೀಮು ಬೇಕಾಗಿಲ್ಲ.

ಇವು ನಿಜಕ್ಕೂ ಅಷ್ಟು ಪರಿಣಾಮಕಾರಿಯೇ?

ಯಾವ ನೋವು ಎಂಬುದರ ಮೇಲೆ ಉತ್ತರ ನಿಂತಿದೆ. ಮೂಳೆ ಮುರಿತ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ದಿನಗಳು, ಸುಟ್ಟ ಗಾಯ, ಕ್ಯಾನ್ಸರ್, ಬದುಕಿನ ಕೊನೆಯ ಹಂತದ ಉಸಿರಾಟದ ಸಂಕಟ: ಇಲ್ಲೆಲ್ಲ ಇವುಗಳಿಗೆ ಸಾಟಿಯಾದದ್ದು ಇನ್ನೂ ಬಂದಿಲ್ಲ. ಅಡಿಕೆ ಮರದಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಚನ್ನಗಿರಿಯಿಂದ ಬಂದವರಿಗೆ ಬರೀ ಪ್ಯಾರಾಸಿಟಮಾಲ್ ಕೊಟ್ಟು ಸಹಿಸಿಕೊಳ್ಳಿ ಎನ್ನುವುದು ವೈದ್ಯಕೀಯವಲ್ಲ.

ಆದರೆ ಎಲ್ಲ ತುರ್ತು ನೋವಿಗೂ ಇವೇ ಬೇಕು ಎಂಬುದು ಸುಳ್ಳು. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ತುರ್ತು ಚಿಕಿತ್ಸಾ ವಿಭಾಗಕ್ಕೆ ಕೈಕಾಲು ನೋವಿನಿಂದ ಬಂದ 416 ಮಂದಿಯನ್ನು ನಾಲ್ಕು ಗುಂಪು ಮಾಡಿತು. ಮೂರು ಗುಂಪಿಗೆ ಪ್ಯಾರಾಸಿಟಮಾಲ್ ಬೆರೆತ ಅಫೀಮು ವರ್ಗದ ಗುಳಿಗೆ, ಒಂದಕ್ಕೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್. ಎರಡು ಗಂಟೆಯ ನಂತರ ನೋವು ಇಳಿದ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಲ್ಲು ಕಿತ್ತ ನೋವಿನ ಕಥೆಯೂ ಹೆಚ್ಚು ಕಡಿಮೆ ಇದೇ.

ನರದ ನೋವು, ಅಂದರೆ ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತಿನ ನಂತರದ ಉರಿ, ಇವುಗಳಿಗೆ ಮೊದಲು ಬಳಸುವುದು ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಗ್ಯಾಬಪೆಂಟಿನ್‌ನಂಥವನ್ನು. ಮೈಗ್ರೇನ್‌ಗಂತೂ ಅಫೀಮು ವರ್ಗದ ಔಷಧ ತಿಂಗಳಿಗೆ ಹತ್ತು ದಿನ ದಾಟಿದರೆ ಔಷಧವೇ ತಲೆನೋವು ತರಲು ಶುರುಮಾಡುತ್ತದೆ.

ವರ್ಷಗಳಿಂದ ಬೆನ್ನುನೋವು, ಮಂಡಿನೋವು. ಟ್ರಮಡಾಲ್ ತೆಗೆದುಕೊಂಡರೆ ಮಾತ್ರ ಕೆಲಸ ಮಾಡಲು ಆಗುತ್ತದೆ. ತಪ್ಪೇನು?

ಎಪಿಎಂಸಿಯಲ್ಲಿ ಹಮಾಲಿ ಮಾಡುವವರು, ಕಟ್ಟಡ ಕೆಲಸದವರು, ದಿನವಿಡೀ ಟ್ರ್ಯಾಕ್ಟರ್ ಮೇಲೆ ಕುಳಿತವರು ಕೇಳುವ ಪ್ರಶ್ನೆ ಇದು. ರಜೆ ಹಾಕಿದರೆ ಕೂಲಿ ಇಲ್ಲ ಎನ್ನುವವರಿಗೆ ವಿಶ್ರಾಂತಿಯ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಆದರೂ ಸಂಶೋಧನೆ ಹೇಳುವುದನ್ನು ಹೇಳಲೇಬೇಕು.

ಅಮೆರಿಕದಲ್ಲಿ ದೀರ್ಘಕಾಲದ ಬೆನ್ನುನೋವು ಮತ್ತು ಮಂಡಿ, ಸೊಂಟದ ಕೀಲು ಸವೆತವಿದ್ದ 240 ಮಂದಿಯನ್ನು ಒಂದು ವರ್ಷ ಗಮನಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಜನಕ್ಕೆ ಅಫೀಮು ವರ್ಗದ ಔಷಧ, ಉಳಿದವರಿಗೆ ಸಾಮಾನ್ಯ ನೋವುನಿವಾರಕಗಳು. ದಿನನಿತ್ಯದ ಚಟುವಟಿಕೆಯಲ್ಲಿ ಎರಡೂ ಗುಂಪು ಸಮ. ನೋವಿನ ತೀವ್ರತೆಯಲ್ಲಿ ಸಾಮಾನ್ಯ ಔಷಧದ ಗುಂಪೇ ಸ್ವಲ್ಪ ಮೇಲು, ಅಡ್ಡಪರಿಣಾಮ ಹೆಚ್ಚಿದ್ದುದು ಅಫೀಮು ವರ್ಗದ ಗುಂಪಿನಲ್ಲಿ. 2023ರಲ್ಲಿ ಆಸ್ಟ್ರೇಲಿಯಾದವರು ಹೊಸದಾಗಿ ಶುರುವಾದ ಸೊಂಟ, ಕುತ್ತಿಗೆ ನೋವಿಗೆ ಆಕ್ಸಿಕೋಡೋನ್ ಎಂಬ ಅಫೀಮು ವರ್ಗದ ಔಷಧ ಕೊಟ್ಟು 347 ಮಂದಿಯಲ್ಲಿ ಪರೀಕ್ಷಿಸಿದರು. ಆರು ವಾರಗಳ ನಂತರ ಔಷಧವಿಲ್ಲದ ಪೊಳ್ಳು ಗುಳಿಗೆಗಿಂತ ಅದು ಮೇಲಾಗಲಿಲ್ಲ.

ಹಾಗಾದರೆ ಗುಳಿಗೆ ನುಂಗಿದ ದಿನ ಹಗುರ ಎನಿಸುವುದೇಕೆ? ಮೊದಲ ವಾರಗಳಲ್ಲಿ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಆಮೇಲೆ ದೇಹ ಒಗ್ಗಿಕೊಳ್ಳುತ್ತದೆ, ಒಂದಿದ್ದದ್ದು ಎರಡಾಗುತ್ತದೆ. ಕೊನೆಗೆ ಗುಳಿಗೆ ಇಲ್ಲದ ದಿನ ಮೈಕೈ ಮುರಿಯುವುದು ಹಳೆಯ ನೋವಿನಿಂದಲೋ ಔಷಧ ತಪ್ಪಿದ್ದರಿಂದಲೋ ಎಂದು ನುಂಗುವವರಿಗೇ ಗೊತ್ತಾಗುವುದಿಲ್ಲ. ಕೆಲವರಲ್ಲಿ ದೀರ್ಘ ಬಳಕೆಯಿಂದ ನೋವಿನ ಸಂವೇದನೆಯೇ ಹರಿತವಾಗುತ್ತದೆ. ಮಂಡಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಕೆ, ಹಚ್ಚುವ ಡೈಕ್ಲೋಫೆನಾಕ್ ಜೆಲ್, ಬೇಕಾದಾಗ ಸ್ವಲ್ಪ ದಿನ ಸಾಮಾನ್ಯ ನೋವಿನ ಗುಳಿಗೆ: ಕೇಳಲು ಸಪ್ಪೆ, ಆದರೆ ದೂರದವರೆಗೆ ಬರುವುದು ಇವೇ.

ತಂದೆಗೆ ಬಾಯಿ ಕ್ಯಾನ್ಸರ್. ಮಾರ್ಫಿನ್ ಬರೆದಿದ್ದಾರೆ. ಅಂದರೆ ಎಲ್ಲ ಮುಗಿಯಿತೇ?

ಇಲ್ಲ. ಈ ಪ್ರಶ್ನೆ ಕೇಳುವವರು ದನಿ ತಗ್ಗಿಸಿ ಕೇಳುತ್ತಾರೆ. ಗುಟ್ಕಾ, ಹೊಗೆಸೊಪ್ಪು, ಎಲೆಅಡಿಕೆಯ ನಮ್ಮ ಸೀಮೆಯಲ್ಲಿ ಬಾಯಿ ಕ್ಯಾನ್ಸರ್ ಅಪರೂಪವಲ್ಲ, ಅದರ ನೋವು ನೋಡಲಾಗದಂಥದು. ಮಾರ್ಫಿನ್ ಬರೆಯುವುದು ನೋವಿನ ಮಟ್ಟ ನೋಡಿ. ಉಳಿದಿರುವ ಆಯುಷ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ವಿಕಿರಣ ಚಿಕಿತ್ಸೆಯ ವಾರಗಳಲ್ಲಿ ಬಾಯಿ ಹುಣ್ಣಾಗಿ ನೀರೂ ಇಳಿಯದ ರೋಗಿ ಮಾರ್ಫಿನ್ ಪಡೆದು, ಗುಣವಾಗಿ, ಅದನ್ನು ಬಿಟ್ಟು ಮನೆಗೆ ಹೋಗುವುದುಂಟು.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮ ಹಾಕಿಕೊಟ್ಟಿತು. ಮೊದಲು ಪ್ಯಾರಾಸಿಟಮಾಲ್‌ನಂಥವು, ಸಾಲದಿದ್ದರೆ ಕೊಡೀನ್, ಟ್ರಮಡಾಲ್‌ನಂಥ ಸೌಮ್ಯ ಅಫೀಮು ವರ್ಗ, ಅದೂ ಸಾಲದಿದ್ದರೆ ಮಾರ್ಫಿನ್. ಸಾಮಾನ್ಯ ಮಾರ್ಫಿನ್ ಗುಳಿಗೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ಅದನ್ನು ಗಡಿಯಾರ ನೋಡಿ ಕೊಡಬೇಕು. ನೋವು ತಡೆಯಲಾರದಷ್ಟಾದ ಮೇಲೆ ಕೊಡೋಣ ಎಂದು ಕಾಯುವುದು ಮನೆಯವರು ಪ್ರೀತಿಯಿಂದಲೇ ಮಾಡುವ ಕ್ರೌರ್ಯ. ನೋವು ಒಮ್ಮೆ ಏರಿದರೆ ಇಳಿಸಲು ಹೆಚ್ಚು ಔಷಧ ಬೇಕಾಗುತ್ತದೆ. ಹನ್ನೆರಡು ಗಂಟೆಗೊಮ್ಮೆ ಕೊಡುವ ನಿಧಾನ ಬಿಡುಗಡೆಯ ಗುಳಿಗೆಯೂ ಇದೆ. ಅದನ್ನು ಪುಡಿ ಮಾಡಿ ಗಂಜಿಗೆ ಬೆರೆಸಬೇಡಿ. ಅರ್ಧ ದಿನದ ಔಷಧ ಒಂದೇ ಸಲಕ್ಕೆ ಮೈಗಿಳಿದರೆ ಜೀವಕ್ಕೆ ಅಪಾಯ. ನುಂಗಲು ಆಗದಿದ್ದರೆ ವೈದ್ಯರಿಗೆ ಹೇಳಿ, ಬೇರೆ ದಾರಿಗಳಿವೆ.

ಸರಿಯಾದ ಡೋಸ್‌ನಲ್ಲಿ ಮಾರ್ಫಿನ್ ಆಯುಷ್ಯ ಕಡಿಮೆ ಮಾಡುವುದಿಲ್ಲ. ನಿದ್ದೆ, ಊಟ ಮರಳಿದ ರೋಗಿ ಅಂಗಳದಲ್ಲಿ ಕುಳಿತು ಮಾತಾಡುವುದನ್ನು ಕಂಡ ಮನೆಯವರು ಮೊದಲೇ ಏಕೆ ಕೊಡಲಿಲ್ಲ ಎಂದು ಕೇಳುತ್ತಾರೆ.

ಫೆಂಟನಿಲ್ ಪಟ್ಟಿ ಎಂದರೇನು?

ಚರ್ಮಕ್ಕೆ ಅಂಟಿಸುವ ಪಟ್ಟಿ, ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ ಬದಲಿಸುವುದು. ಫೆಂಟನಿಲ್ ಮಾರ್ಫಿನ್‌ಗಿಂತ ಐವತ್ತರಿಂದ ನೂರು ಪಟ್ಟು ಬಲವಾದದ್ದು, ಆದ್ದರಿಂದ ಈಗಾಗಲೇ ಇಂಥ ಔಷಧಕ್ಕೆ ಒಗ್ಗಿದವರಿಗೆ ಮಾತ್ರ. ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಶಾಖಕ್ಕೆ ಔಷಧ ಬೇಗ ಒಳಗಿಳಿಯುತ್ತದೆ. ತೆಗೆದ ಪಟ್ಟಿಯಲ್ಲೂ ಔಷಧ ಉಳಿದಿರುತ್ತದೆ. ಅಂಟಿನ ಭಾಗ ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ.

ಚಟವಾಗುತ್ತದೆಯೇ?

ಇಲ್ಲಿ ಎರಡು ಬೇರೆ ವಿಷಯಗಳನ್ನು ಕಲಸಿಬಿಡುತ್ತಾರೆ. ಕೆಲವು ವಾರ ಸತತವಾಗಿ ತೆಗೆದುಕೊಂಡ ಯಾರ ದೇಹವಾದರೂ ಒಗ್ಗುತ್ತದೆ. ಹಠಾತ್ ನಿಲ್ಲಿಸಿದರೆ ಮೂಗು ಸೋರುವುದು, ಭೇದಿ, ಮೈ ನವಿರೇಳುವುದು, ನಿದ್ದೆಗೇಡು, ಚಡಪಡಿಕೆ ಶುರುವಾಗುತ್ತವೆ. ಇದು ದೈಹಿಕ ಅವಲಂಬನೆ. ಹಂತಹಂತವಾಗಿ ಇಳಿಸಿದರೆ ಹೋಗುತ್ತದೆ. ಚಟವೆಂದರೆ ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ನೋವಿಲ್ಲದಾಗಲೂ ಬೇಕೆನಿಸುವುದು, ಅದಕ್ಕಾಗಿ ಸುಳ್ಳು ಹೇಳುವುದು, ಅಂಗಡಿಯಿಂದ ಅಂಗಡಿಗೆ ಅಲೆಯುವುದು.

ವೈದ್ಯರ ನಿಗಾದಲ್ಲಿರುವ ಕ್ಯಾನ್ಸರ್ ರೋಗಿಗೆ ಚಟದ ಭಯದಿಂದ ಔಷಧ ತಡೆಹಿಡಿಯುವುದರಲ್ಲಿ ಅರ್ಥವಿಲ್ಲ. ಅಪಾಯ ಜಾಸ್ತಿ ಇರುವುದು ಹಿಂದೆ ಮದ್ಯ ಅಥವಾ ಬೇರೆ ಮಾದಕದ ಚಟವಿದ್ದವರಿಗೆ, ಖಿನ್ನತೆ ಇರುವವರಿಗೆ, ಹರೆಯದವರಿಗೆ, ಮತ್ತು ದೀರ್ಘಕಾಲದ ನೋವಿಗೆ ಯಾರೂ ಲೆಕ್ಕ ನೋಡದೆ ತಿಂಗಳುಗಟ್ಟಲೆ ನುಂಗುವವರಿಗೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, ಏಮ್ಸ್ ನೇತೃತ್ವದ ಸಮೀಕ್ಷೆಯ ಪ್ರಕಾರ ದೇಶದ ಶೇ 2.1ರಷ್ಟು ಜನ ಅಫೀಮು ವರ್ಗದ ಪದಾರ್ಥ ಬಳಸಿದ್ದರು. ಔಷಧದ ರೂಪದ್ದನ್ನೇ ದುರ್ಬಳಕೆ ಮಾಡಿದವರು ಶೇ 0.96, ಹೆರಾಯಿನ್ ಬಳಸಿದವರಿಗಿಂತ ತುಸುವೇ ಕಡಿಮೆ. ಅಂಗಡಿಯ ಗುಳಿಗೆ ಎಂದ ಮಾತ್ರಕ್ಕೆ ಅದು ಸಾಧುವಲ್ಲ.

ನೋವಿನ ಗುಳಿಗೆ ಕಿಡ್ನಿ ಹಾಳು ಮಾಡುತ್ತದಂತೆ?

ಆ ಅಪಖ್ಯಾತಿ ಸಲ್ಲಬೇಕಾದದ್ದು ಡೈಕ್ಲೋಫೆನಾಕ್ ಗುಂಪಿಗೆ. ಮಾರ್ಫಿನ್ ಕಿಡ್ನಿಯನ್ನು ನೇರವಾಗಿ ಕೆಡಿಸುವುದಿಲ್ಲ. ಆದರೆ ಕಿಡ್ನಿ ಈಗಾಗಲೇ ಸೋತಿದ್ದರೆ ಮಾರ್ಫಿನ್‌ನ ಅಂಶಗಳು ಹೊರಹೋಗದೆ ಶೇಖರವಾಗಿ ಮಂಪರು, ಉಸಿರಿನ ತೊಂದರೆ ತರುತ್ತವೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಚೀಟಿ ಬರೆಸುವಾಗಲೇ ಅದನ್ನು ಹೇಳಬೇಕು.

ಅಡ್ಡಪರಿಣಾಮಗಳೇನು?

ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ, ಔಷಧ ಇರುವವರೆಗೂ ಇರುತ್ತದೆ. ಮಾರ್ಫಿನ್ ಶುರುವಾದ ದಿನವೇ ಬಿಸಾಕೋಡಿಲ್ ಅಥವಾ ಸೆನ್ನಾದಂಥ ಮಲ ಸಡಿಲಿಸುವ ಔಷಧವೂ ಶುರುವಾಗಬೇಕು. ಬಾಳೆಹಣ್ಣು, ಬಿಸಿನೀರು ಇಷ್ಟಕ್ಕೆ ಬಗ್ಗುವ ಮಲಬದ್ಧತೆ ಇದಲ್ಲ. ವಾಕರಿಕೆ ಮತ್ತು ತೂಕಡಿಕೆ ಮೊದಲ ಕೆಲವು ದಿನಗಳ ಅತಿಥಿಗಳು. ತುರಿಕೆ, ಮೂತ್ರ ಕಟ್ಟುವುದು ಕೆಲವರಿಗೆ. ವಯಸ್ಸಾದವರು ರಾತ್ರಿ ಎದ್ದು ಬೀಳುವ ಭಯ ಹೆಚ್ಚು. ತಿಂಗಳುಗಟ್ಟಲೆ ಬಳಸಿದ ಗಂಡಸರಲ್ಲಿ ಹಾರ್ಮೋನ್ ಇಳಿದು ಲೈಂಗಿಕ ಆಸಕ್ತಿ ಕುಗ್ಗುವುದುಂಟು. ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಟ್ರಮಡಾಲ್‌ಗೆ ತನ್ನದೇ ಆದ ಕೆಲವು ಕೆಡುಕುಗಳಿವೆ. ಅದು ಫಿಟ್ಸ್ ತರಬಲ್ಲದು, ಮೂರ್ಛೆರೋಗ ಇದ್ದವರಿಗೆ ಇನ್ನೂ ಬೇಗ. ಖಿನ್ನತೆಗೆ ಕೊಡುವ ಕೆಲವು ಔಷಧಗಳ ಜೊತೆ ಸೇರಿದರೆ ಜ್ವರ, ನಡುಕ, ಗೊಂದಲದ ಅಪಾಯಕಾರಿ ಸ್ಥಿತಿ ಬರಬಹುದು. ರಕ್ತದ ಸಕ್ಕರೆಯನ್ನೂ ಇಳಿಸಬಲ್ಲದು. ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಅದರ ಮೇಲ್ಮಿತಿ. ಅಲ್ಲಿಯವರೆಗೆ ಹೋಗಬಹುದು ಎಂಬ ಪರವಾನಗಿ ಇದಲ್ಲ.

ಸಂಜೆ ಒಂದು ಪೆಗ್ ಹಾಕಬಹುದೇ? ನಿದ್ದೆ ಗುಳಿಗೆ?

ಬೇಡ. ಮದ್ಯ, ಆಲ್ಪ್ರಜೋಲಾಮ್, ಡಯಾಜಿಪಾಮ್, ಇವೆಲ್ಲ ಉಸಿರಾಟದ ಕೇಂದ್ರವನ್ನು ಮಂಕು ಮಾಡುತ್ತವೆ. ಈ ಗುಳಿಗೆಗಳೂ ಅದನ್ನೇ ಮಾಡುತ್ತವೆ. ನರದ ನೋವಿಗೆ ಧಾರಾಳವಾಗಿ ಬರೆಯುವ ಪ್ರೆಗಾಬಲಿನ್ ಕೂಡ ಇವುಗಳ ಮಂಪರನ್ನು ಹೆಚ್ಚಿಸುತ್ತದೆ. ಡೋಸ್ ಶುರುವಾದಾಗ, ಬದಲಾದಾಗ ಬೈಕ್, ಟ್ರ್ಯಾಕ್ಟರ್, ಕಬ್ಬಿನ ಗಾಣ ಯಾವುದನ್ನೂ ಮುಟ್ಟಬೇಡಿ.

ಡೋಸ್ ಮಿತಿ ಮೀರಿದೆ ಎಂದು ತಿಳಿಯುವುದು ಹೇಗೆ?

ಎಬ್ಬಿಸಿದರೂ ಏಳದ ನಿದ್ದೆ, ನಿಧಾನವಾದ ಅಥವಾ ನಿಂತುನಿಂತು ಬರುವ ಉಸಿರು, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ನೀಲಿಗಟ್ಟಿದ ತುಟಿ. ತಕ್ಷಣ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಔಷಧದ ಸ್ಟ್ರಿಪ್ ಜೊತೆಗೆ ಒಯ್ಯಿರಿ. ನಲೊಕ್ಸೋನ್ ಎಂಬ ಚುಚ್ಚುಮದ್ದು ಇದರ ಪರಿಣಾಮವನ್ನು ನಿಮಿಷಗಳಲ್ಲಿ ತಿರುಗಿಸುತ್ತದೆ. ಆದರೆ ಅದರ ಪ್ರಭಾವ ಬೇಗ ಮುಗಿದು ರೋಗಿ ಮತ್ತೆ ಮಂಪರಿಗೆ ಜಾರಬಹುದು. ಎಚ್ಚರವಾಯಿತೆಂದು ಆಸ್ಪತ್ರೆಯಿಂದ ಎದ್ದು ಬರಬೇಡಿ.

ಮಕ್ಕಳಿಗೆ ಕೊಡಬಹುದೇ? ಕೆಮ್ಮಿನ ಸಿರಪ್‌ನಲ್ಲೂ ಇದೆಯಂತೆ?

ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇರುತ್ತದೆ. ಕೊಡೀನ್ ಲಿವರ್‌ನಲ್ಲಿ ಮಾರ್ಫಿನ್ ಆಗಿ ಬದಲಾಗಿ ಕೆಲಸ ಮಾಡುವಂಥದು. ಆ ಬದಲಾವಣೆಯ ವೇಗ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು. ಅತಿ ವೇಗದವರಲ್ಲಿ ಸಾಮಾನ್ಯ ಡೋಸ್ ಕೂಡ ಉಸಿರು ಕಟ್ಟಿಸಬಲ್ಲದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡೀನ್, ಟ್ರಮಡಾಲ್ ಎರಡೂ ಬೇಡ, ಹಾಲುಣಿಸುವ ತಾಯಂದಿರಿಗೂ ಬೇಡ ಎಂದರು. ದೊಡ್ಡವರ ಸಿರಪ್‌ನಲ್ಲಿ ಅರ್ಧ ಚಮಚ ಮಗುವಿಗೆ ಕುಡಿಸುವ ರೂಢಿ ಬಿಡಿ.

ಚೀಟಿ ಇಲ್ಲದೆ ಏಕೆ ಕೊಡುವುದಿಲ್ಲ? ಗುರುತಿನವರಲ್ಲವೇ?

ಗುರುತು ಬೇರೆ, ಕಾನೂನು ಬೇರೆ. ಟ್ರಮಡಾಲ್, ಕೊಡೀನ್ ಷೆಡ್ಯೂಲ್ ಎಚ್1ರಲ್ಲಿವೆ. ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. 2018ರಿಂದ ಟ್ರಮಡಾಲ್ ಮಾದಕ ಪದಾರ್ಥಗಳ ಕಾಯ್ದೆಯ ವ್ಯಾಪ್ತಿಗೂ ಬಂದಿದೆ. ಟ್ಯಾಪೆಂಟಡಾಲ್ ಜೊತೆ ಕ್ಯಾರಿಸೊಪ್ರೊಡಾಲ್ ಎಂಬ ಸ್ನಾಯು ಸಡಿಲಿಸುವ ಔಷಧ ಬೆರೆಸಿದ ಗುಳಿಗೆಗಳು ಪಶ್ಚಿಮ ಆಫ್ರಿಕಾದ ಬೀದಿಗಳಲ್ಲಿ ಮಾದಕವಾಗಿ ಬಿಕರಿಯಾಗುತ್ತಿದ್ದುದು ಬಯಲಾದ ಮೇಲೆ 2025ರ ಫೆಬ್ರುವರಿಯಲ್ಲಿ ಅವುಗಳ ತಯಾರಿಕೆ, ರಫ್ತು ಎರಡನ್ನೂ ಕೇಂದ್ರ ನಿಲ್ಲಿಸಿತು.

ಕಾನೂನು ಬಿಗಿಯಾದರೆ ಎಲ್ಲ ಸರಿಯಾಗುತ್ತದೆ ಎಂದಲ್ಲ. ಅದೇ ಮಾದಕ ಪದಾರ್ಥಗಳ ಕಾಯ್ದೆ 1985ರಲ್ಲಿ ಬಂದಾಗ ಹೆಚ್ಚಿನ ಅಪರಾಧಗಳಿಗೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ಆಸ್ಪತ್ರೆಗಳು, ಅಂಗಡಿಗಳು ಹೆದರಿ ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರಲ್ಲಿ ಇಡೀ ದೇಶದಲ್ಲಿ ವೈದ್ಯಕೀಯಕ್ಕೆ ಬಳಕೆಯಾದ ಮಾರ್ಫಿನ್ ಸುಮಾರು 18 ಕಿಲೋಗೆ ಇಳಿದಿತ್ತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಪರವಾನಗಿ ಪಡೆದು ಅಫೀಮು ಬೆಳೆದು ಹೊರದೇಶಕ್ಕೂ ಕಳಿಸುವ ದೇಶದಲ್ಲಿ ಈ ಸ್ಥಿತಿ! 1993ರಲ್ಲಿ ಕಲ್ಲಿಕೋಟೆಯಲ್ಲಿ ನೋವು ಮತ್ತು ಉಪಶಮನ ಆರೈಕೆಯ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಯ) ಸಂಸ್ಥೆ ಕಟ್ಟಿದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಹೋರಾಡಿದ ಮೇಲೆ, 2014ರ ತಿದ್ದುಪಡಿ ಮಾರ್ಫಿನ್, ಫೆಂಟನಿಲ್ ಮುಂತಾದವುಗಳ ಪರವಾನಗಿಯನ್ನು ಸರಳಗೊಳಿಸಿತು.

ದಾವಣಗೆರೆಯಲ್ಲಿ ಮಾರ್ಫಿನ್ ಎಲ್ಲಿ ಸಿಗುತ್ತದೆ?

ಪೇಟೆಯ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟುಕೊಳ್ಳುತ್ತವೆ. ಜಿಲ್ಲಾಸ್ಪತ್ರೆಯಲ್ಲಾಗಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ ಕ್ಯಾನ್ಸರ್ ವಿಭಾಗ, ಅರಿವಳಿಕೆ ವಿಭಾಗ ಅಥವಾ ನೋವಿನ ಕ್ಲಿನಿಕ್‌ನಲ್ಲಿ ಉಪಶಮನ ಆರೈಕೆ ಬೇಕು ಎಂದು ಕೇಳಿ. ಕರ್ನಾಟಕಕ್ಕೆ 2016ರಿಂದ ಉಪಶಮನ ಆರೈಕೆಯ ನೀತಿ ಇದೆ, ಕೇಳುವುದು ನಿಮ್ಮ ಹಕ್ಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದ್ದರೆ ಡಿಸ್ಚಾರ್ಜ್ ದಿನವೇ, ಮುಂದಿನ ಔಷಧ ಊರಿನ ಹತ್ತಿರ ಯಾರಿಂದ ಪಡೆಯಬೇಕೆಂದು ಬರೆಸಿಕೊಳ್ಳಿ. ಗುಳಿಗೆ ಮುಗಿದ ದಿನ ರಾತ್ರಿ ಬಸ್ ಹತ್ತುವ ಪಾಡು ತಪ್ಪುತ್ತದೆ.

ಅಮೆರಿಕದಲ್ಲಿ ಇಷ್ಟು ಜನ ಸತ್ತರಲ್ಲ, ಏನಾಯಿತು?

1996ರಲ್ಲಿ ಪರ್ಡ್ಯೂ ಫಾರ್ಮಾ ಆಕ್ಸಿಕಾಂಟಿನ್ ಎಂಬ ಆಕ್ಸಿಕೋಡೋನ್ ಗುಳಿಗೆಯನ್ನು ಮಾರುಕಟ್ಟೆಗೆ ತಂದು, ಚಟದ ಅಪಾಯ ಕಡಿಮೆ ಎಂದು ವೈದ್ಯರನ್ನು ನಂಬಿಸಿತು. ಅಂಥ ನಂಬಿಕೆಗೆ ಆಧಾರವಾಗಿ ಪದೇ ಪದೇ ತೋರಿಸುತ್ತಿದ್ದುದು 1980ರಲ್ಲಿ ಒಂದು ವೈದ್ಯಕೀಯ ಪತ್ರಿಕೆಗೆ ಬಂದ ಐದೇ ವಾಕ್ಯಗಳ ಪತ್ರ. ಅದೂ ಆಸ್ಪತ್ರೆಯಲ್ಲಿ ಒಳರೋಗಿಗಳಾಗಿದ್ದವರ ಬಗ್ಗೆ. ಬೆನ್ನುನೋವಿಗೆಲ್ಲ ಧಾರಾಳವಾಗಿ ಬರೆದರು. 2007ರಲ್ಲಿ ಕಂಪನಿ ತಪ್ಪು ಪ್ರಚಾರದ ಆರೋಪ ಒಪ್ಪಿಕೊಂಡಿತು. ಅಷ್ಟರಲ್ಲಿ ಚಟ ಹತ್ತಿದವರು ಹೆರಾಯಿನ್‌ಗೆ, ಮುಂದೆ ಕಳ್ಳದಾರಿಯ ಫೆಂಟನಿಲ್‌ಗೆ ಹೊರಳಿದರು. ಅಲ್ಲಿನವರಿಗೆ ಅತಿ ಸುಲಭವಾಗಿ ಸಿಕ್ಕಿತು, ನಮ್ಮ ಕ್ಯಾನ್ಸರ್ ರೋಗಿಗಳಿಗೆ ಸಿಗಲೇ ಇಲ್ಲ.

ಈಗಾಗಲೇ ಬಿಡಲಾಗುತ್ತಿಲ್ಲ. ಏನು ಮಾಡಲಿ?

ಹಠ ಹಿಡಿದು ಒಂದೇ ದಿನ ನಿಲ್ಲಿಸಬೇಡಿ. ಬಿಟ್ಟು ಕೆಲ ಕಾಲದ ಮೇಲೆ ಹಳೆಯ ಡೋಸ್‌ಗೇ ಮರಳುವುದು ಎಲ್ಲಕ್ಕಿಂತ ಅಪಾಯ. ಆ ಹೊತ್ತಿಗೆ ದೇಹದ ಸಹನೆ ಇಳಿದಿರುತ್ತದೆ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳು ಇವೆ. ಬ್ಯುಪ್ರೆನಾರ್ಫಿನ್ ಬಳಸಿ ಮಾಡುವ ಚಿಕಿತ್ಸೆ ಅನೇಕರನ್ನು ಕೆಲಸಕ್ಕೆ, ಮನೆಗೆ ಮರಳಿಸಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ಹಣ ಕೊಡಬೇಕಿಲ್ಲ.

ಉಳಿದ ಗುಳಿಗೆಗಳನ್ನು ಏನು ಮಾಡಬೇಕು?

ಪಕ್ಕದ ಮನೆಯವರ ಸೊಂಟಕ್ಕೆ ದಾನ ಮಾಡಬೇಡಿ, ಮುಂದೆ ಬೇಕಾದೀತೆಂದು ಬೀರುವಿನಲ್ಲೂ ಇಡಬೇಡಿ. ಕೊಟ್ಟ ಆಸ್ಪತ್ರೆ ಹಿಂತೆಗೆದುಕೊಳ್ಳುತ್ತದೆಯೇ ಎಂದು ಮೊದಲು ಕೇಳಿ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಶೌಚಾಲಯದಲ್ಲಿ ನೀರು ಬಿಟ್ಟು ವಿಲೇವಾರಿ ಮಾಡಬೇಕಾದ 17 ಔಷಧಗಳ ಪಟ್ಟಿ ಕೊಟ್ಟಿದೆ. ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟ್ಯಾಪೆಂಟಡಾಲ್ ಎಲ್ಲ ಅದರಲ್ಲಿವೆ. ಬೇರೆ ಔಷಧಗಳಿಗೆ ಈ ದಾರಿ ಬೇಡ.

ಮಗ ದುಬೈಯಲ್ಲಿದ್ದಾನೆ. ಅವನ ಬೆನ್ನುನೋವಿಗೆ ಇಲ್ಲಿಂದ ಟ್ರಮಡಾಲ್ ಕಳಿಸಬಹುದೇ?

ಖಂಡಿತ ಬೇಡ. ಅಲ್ಲಿ ಅದು ನಿಯಂತ್ರಿತ ಔಷಧ. ಮುಂಚಿತ ಅನುಮತಿ ಇಲ್ಲದೆ ಬ್ಯಾಗಿನಲ್ಲಿ ಸಿಕ್ಕರೆ ಜೈಲಿಗೆ ಹೋಗಬೇಕಾದೀತು. ಅಂದ ಹಾಗೆ, ಮಸಾಲೆ ಪುಡಿಗಳ ನಡುವೆ ಗಸಗಸೆಯ ಪೊಟ್ಟಣವನ್ನೂ ಇಡಬೇಡಿ. ಅದೂ ಅಲ್ಲಿ ನಿಷಿದ್ಧ.